ಗೆರೆಯನ್ನು ಹುಡುಕಿ ಒಂದು ದಿನ

26 ವರ್ಷಗಳಿಂದ ನಾನು ಶಾಲೆಯ ಕರಿಹಲಗೆಯ ಮೇಲೆ ಕರ್ನಾಟಕದ ನಕ್ಷೆಯನ್ನು ಬರೆಯುತ್ತ ಬಂದಿದ್ದೇನೆ. ಕೈಗೆ ಅದು ಎಷ್ಟು ಪಳಗಿಹೋಗಿದೆಯೆಂದರೆ, ಮುಖವನ್ನು ಮಕ್ಕಳ ಕಡೆಗೆ ತಿರುಗಿಸಿಕೊಂಡೇ ಬೀದರಿನಿಂದ ಚಾಮರಾಜನಗರದವರೆಗೆ ಸೀಮೆಸುಣ್ಣವನ್ನು ಇಳಿಸಬಲ್ಲೆ. ನಕ್ಷೆ ಮುಗಿದ ಮೇಲೆ ಅದರೊಳಗೆ ಮೇಲಿನಿಂದ ಕೆಳಕ್ಕೆ ಎರಡು ಗೆರೆಗಳನ್ನು ಎಳೆಯುತ್ತೇನೆ. ಮೊದಲ ಗೆರೆಯ ಎಡಕ್ಕೆ ಕರಾವಳಿ. ಎರಡರ ನಡುವೆ ಮಲೆನಾಡು. ಬಲಕ್ಕೆ ಉಳಿದದ್ದೆಲ್ಲ ಮೈದಾನ. ಮಕ್ಕಳು ಅದನ್ನು ಬರೆದುಕೊಳ್ಳುತ್ತಾರೆ, ಬಣ್ಣ ಹಚ್ಚುತ್ತಾರೆ, ಪರೀಕ್ಷೆಯಲ್ಲಿ ಒಪ್ಪಿಸಿ ಅಂಕ ಪಡೆಯುತ್ತಾರೆ. ಈ ವ್ಯವಹಾರದಲ್ಲಿ ಇದುವರೆಗೆ ಯಾರಿಗೂ ನಷ್ಟವಾದಂತೆ ಕಾಣೆ.

ಕಳೆದ ನವೆಂಬರಿನಲ್ಲಿ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಎದ್ದು ನಿಂತಳು. ಶಿವಮೊಗ್ಗದ ಅಂಚಿನಲ್ಲಿರುವ ನಮ್ಮ ಶಾಲೆಗೆ ತೀರ್ಥಹಳ್ಳಿಯ ರಸ್ತೆಯಲ್ಲಿ 8 ಕಿಲೋಮೀಟರು ಬೈಸಿಕಲ್ಲು ತುಳಿದು ಬರುವವಳು. ಮಾತು ಕಡಮೆ.

“ಸಾರ್, ನೀವು ಎಳೆದ ಗೆರೆ ನಮ್ಮೂರಿನ ಮೇಲೆಯೇ ಹೋಗುತ್ತೆ. ನಾವು ಯಾವ ಕಡೆಯವರು?” ಎಂದಳು.

ತರಗತಿ ನಕ್ಕಿತು. ನಾನೂ ನಕ್ಕೆ. ಸೀಮೆಸುಣ್ಣದ ಗೆರೆಯ ದಪ್ಪವನ್ನು ನೆಲದ ಮೇಲೆ ಹಾಸಿದರೆ ಅದರ ಕೆಳಗೆ ಹತ್ತಾರು ಹಳ್ಳಿಗಳು ಮುಚ್ಚಿಹೋಗುತ್ತವೆ ಎಂದು ಹೇಳಿ ಜಾಣತನದಿಂದ ಪಾರಾದೆ. ಆದರೆ ಹುಡುಗಿ ಕೂಡಲಿಲ್ಲ. “ಹಾಗಾದರೆ ನಿಜವಾದ ಗೆರೆ ಎಲ್ಲಿದೆ ಸಾರ್?” ಎಂದು ಮತ್ತೆ ಕೇಳಿದಳು. ಗಂಟೆ ಹೊಡೆದು ನನ್ನ ಮಾನವನ್ನು ಉಳಿಸಿತು.

ಆ ಪ್ರಶ್ನೆ ಮನೆಗೂ ಬಂತು. ಶಿವಮೊಗ್ಗದಿಂದ ಉಡುಪಿಗೆ ನಾನು ಎಷ್ಟು ಸಲ ಹೋಗಿಲ್ಲ! ಮದುವೆಗೆ, ಮುಂಜಿಗೆ, ಕೃಷ್ಣದರ್ಶನಕ್ಕೆ, ಆಸ್ಪತ್ರೆಗೆ. ಬಸ್ಸಿನಲ್ಲಿ ಕುಳಿತು ಮೈದಾನದಲ್ಲಿ ಕಣ್ಣು ಮುಚ್ಚಿದರೆ ಕರಾವಳಿಯಲ್ಲಿ ತೆರೆಯುವುದು ನನ್ನ ಕ್ರಮ. ನಡುವೆ ತಿರುವುಗಳಲ್ಲಿ ಹೊಟ್ಟೆ ತೊಳಸಿದಾಗ ಮಾತ್ರ ಘಟ್ಟವೆಂಬುದೊಂದು ಇದೆಯೆಂದು ಗೊತ್ತಾಗುತ್ತಿತ್ತು. ನಾನು ಎಳೆಯುತ್ತಿದ್ದ ಗೆರೆಗಳನ್ನು ನಾನು ದಾಟುವಾಗಲೆಲ್ಲ ನಿದ್ರೆಯಲ್ಲಿದ್ದೆ ಎಂಬುದು ಉಪಾಧ್ಯಾಯನಿಗೆ ಶೋಭೆ ತರುವ ಸಂಗತಿಯಲ್ಲ. ಎಚ್ಚರವಾಗಿದ್ದುಕೊಂಡು ಒಮ್ಮೆ ದಾಟಿ ನೋಡಬೇಕೆಂದು ನಿಶ್ಚಯಿಸಿದೆ. ಅದಕ್ಕೆ ಬೈಸಿಕಲ್ಲೇ ತಕ್ಕ ವಾಹನವೆಂದು ತೋರಿತು.

ನಡೆದರೆ ಮೂರು ನಾಲ್ಕು ದಿನ ಬೇಕು. ಮೊದಲ ದಿನ ಕಂಡದ್ದು ಕೊನೆಯ ದಿನಕ್ಕೆ ಮಸುಕಾಗಿರುತ್ತದೆ. ಕಾರಿನಲ್ಲಾದರೆ ಮೂರು ನಾಲ್ಕು ಗಂಟೆ. ಕಾಣುವ ಮೊದಲೇ ಕಳೆದಿರುತ್ತದೆ. ಗಂಟೆಗೆ 15 ಕಿಲೋಮೀಟರಿನ ಬೈಸಿಕಲ್ಲಿನ ವೇಗದಲ್ಲಿ ಒಂದು ಸ್ವಾರಸ್ಯವಿದೆ. ಊರೊಂದು ಮುಗಿದು ಇನ್ನೊಂದು ಆರಂಭವಾಗುವುದು ಕಣ್ಣಿಗೆ ಗೊತ್ತಾಗುವಷ್ಟು ಬೇಗ. ಹೇಗೆ ಮುಗಿಯಿತು, ಹೇಗೆ ಆರಂಭವಾಯಿತು ಎಂಬುದು ಮನಸ್ಸಿಗೆ ಗೊತ್ತಾಗುವಷ್ಟು ನಿಧಾನ. ಒಬ್ಬನೇ ಹೋಗಬೇಕೆಂಬ ಹಟಕ್ಕೂ ಕಾರಣವಿತ್ತು. ಜೊತೆಗಾರನಿದ್ದರೆ ನಾವು ಜೊತೆಗಾರನ ಊರನ್ನೇ ಸುತ್ತುತ್ತಿರುತ್ತೇವೆ; ದಾರಿಯ ಊರು ದಾರಿಯಲ್ಲೇ ಉಳಿಯುತ್ತದೆ.

ಡಿಸೆಂಬರಿನ ಒಂದು ಶನಿವಾರ ರಜೆ ಹಾಕಿ, ಬೆಳಗಿನ ಜಾವ ನಾಲ್ಕು ಗಂಟೆಗೆ ಮನೆಯಿಂದ ಹೊರಟೆ. ನನ್ನದು ಗೇರಿಲ್ಲದ, ಕಡ್ಡಿ ಬ್ರೇಕಿನ ಹಳೆಯ ಕಪ್ಪು ಬೈಸಿಕಲ್ಲು. ಕ್ಯಾರಿಯರಿಗೆ ಒಂದು ಪಂಚೆ, ಒಂದು ಗಾಳಿ ಪಂಪು, ಪಂಕ್ಚರು ಹಾಕುವ ಸಾಮಾನು, ಮನೆಯವರು ಕಟ್ಟಿಕೊಟ್ಟ ಅವಲಕ್ಕಿಯ ಗಂಟು. ಮಲ್ಪೆಯ ಕಡಲತೀರದವರೆಗೆ ಸುಮಾರು 150 ಕಿಲೋಮೀಟರು. ಐವತ್ತು ದಾಟಿದ ಮಂಡಿಗಳ ಅಭಿಪ್ರಾಯವನ್ನು ನಾನು ಕೇಳಲಿಲ್ಲ; ಕೇಳಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ.

ಊರಿನ ದೀಪಗಳು ಹಿಂದಾದೊಡನೆ ಕತ್ತಲೆ ಗಟ್ಟಿಯಾಯಿತು. ಕತ್ತಲೆಯಲ್ಲಿ ಗೆರೆಯನ್ನು ಹುಡುಕುವುದು ಹೇಗೆ? ಮೂಗಿನಿಂದ, ಚರ್ಮದಿಂದ. ಮೊದಲು ಕೊಯ್ದ ಬತ್ತದ ಹುಲ್ಲಿನ ಒಣ ವಾಸನೆ ಬಂತು. ಗಾಜನೂರಿನ ಅಣೆಕಟ್ಟು ಹತ್ತಿರವಾದಂತೆ ಕೆನ್ನೆಗೆ ನೀರಿನ ತಂಪು ತಾಗಿತು. ಸಕ್ರೆಬೈಲಿನ ಆನೆ ಬಿಡಾರದ ಮುಂದೆ ಹೋಗುವಾಗ ಆನೆಗಳೊಂದೂ ಕಾಣಲಿಲ್ಲ. ರಾತ್ರಿ ಅವುಗಳನ್ನು ಮೇಯಲು ಕಾಡಿಗೆ ಬಿಡುತ್ತಾರೆ. ಬೆಳಗಾದ ಮೇಲೆ ಮಾವುತರು ಹೋಗಿ ಕರೆತಂದು ಹಿನ್ನೀರಿನಲ್ಲಿ ಮೀಯಿಸುತ್ತಾರೆ. ಆ ಹುಡುಗಿಯ ಊರನ್ನು ಯಾವಾಗಲೋ ದಾಟಿ ಬಂದಿದ್ದೆ. ಅಲ್ಲಿ ಗೆರೆಯೇನಾದರೂ ತಾಗೀತೇ ಎಂದು ಕಾಲನ್ನು ನಿಲ್ಲಿಸಿ ಕತ್ತಲೆಯನ್ನು ದಿಟ್ಟಿಸಿದ್ದೆ. ಒಂದು ನಾಯಿ ಬೊಗಳಿತು, ಅಷ್ಟೆ.

ಬೆಳಕು ಹರಿದಾಗ ಬದಲಾವಣೆ ಆಗಿಹೋಗಿತ್ತು. ಆದರೆ ಯಾವ ಮರದಿಂದ ಆಯಿತು, ಯಾವ ತಿರುವಿನಿಂದ ಆಯಿತು ಎಂದು ಹೇಳಲಾರೆ. ಮೆಕ್ಕೆಜೋಳದ ಒಣಗಿದ ದಂಟು ನಿಂತ ಒಂದು ಹೊಲ. ಅದರ ಪಕ್ಕದಲ್ಲಿ ಅಡಿಕೆಯ ಎಳೆಯ ತೋಟ. ಅದರಾಚೆ ತೇಗದ ನೆಡುತೋಪು. ಮತ್ತೆ ಒಂದು ಗದ್ದೆ. ಮೈದಾನ ಹಿಂದೆ ಸರಿಯುವುದಕ್ಕೆ ಮನಸ್ಸಿಲ್ಲದೆ ನಾಲ್ಕು ಹೆಜ್ಜೆ ಹಿಂತಿರುಗಿ ಬರುತ್ತದೆ. ಮಲೆನಾಡು ಮುಂದೆ ಬರುವುದಕ್ಕೆ ಸಂಕೋಚಪಟ್ಟು ಎರಡು ತೋಟವನ್ನು ಮೊದಲು ಕಳಿಸುತ್ತದೆ. ಇಬ್ಬರು ನೆಂಟರು ಬಾಗಿಲಲ್ಲಿ ನಿಂತು “ನೀವು ಮೊದಲು” “ನೀವು ಮೊದಲು” ಎನ್ನುವಂತೆ ಆ ಇಪ್ಪತ್ತು ಕಿಲೋಮೀಟರು ಕಳೆಯಿತು.

ಮಂಡಗದ್ದೆಯಲ್ಲಿ ಇಳಿದು ನಿಂತೆ. ಇಲ್ಲಿ ತುಂಗೆಯ ನಡುವೆ ಒಂದು ಎಕರೆಗಿಂತ ಸ್ವಲ್ಪ ದೊಡ್ಡದಾದ ನಡುಗಡ್ಡೆಯಿದೆ. ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಸಾವಿರಗಟ್ಟಲೆ ಬಂದು ಅಲ್ಲಿನ ಮರಗಳ ಮೇಲೆ ಗೂಡು ಕಟ್ಟುತ್ತವೆ. ಡಿಸೆಂಬರಿನ ಹೊತ್ತಿಗೆ ಮರಿಗಳು ರೆಕ್ಕೆ ಬಲಿತು ಹಾರಿಹೋಗಿದ್ದವು. ಬರಿಯ ಗೂಡುಗಳೂ ಕೊಂಬೆಗಳ ಮೇಲಿನ ಬಿಳಿಯ ಕಲೆಗಳೂ ಉಳಿದಿದ್ದವು. ಹಕ್ಕಿ ಯಾವ ಸೀಮೆಯದು? ಗದ್ದೆಯಲ್ಲಿ ಮೇಯುತ್ತದೆ, ಹೊಳೆಯಲ್ಲಿ ಮೀನು ಹಿಡಿಯುತ್ತದೆ, ಕಾಡಿನ ಮರದಲ್ಲಿ ಮರಿ ಮಾಡುತ್ತದೆ. ಅದರ ನಕ್ಷೆಯಲ್ಲಿ ನಮ್ಮ ಗೆರೆಗಳಿಲ್ಲ.

ಅಲ್ಲಿಂದ ಮುಂದೆ ಮಲೆನಾಡಿನ ಬಗೆಗೆ ಸಂಶಯ ಉಳಿಯಲಿಲ್ಲ. ಅದನ್ನು ನನಗೆ ತಿಳಿಸಿದ್ದು ಬೆಟ್ಟವಲ್ಲ, ಚೊಗರು. ಡಿಸೆಂಬರು ಅಡಿಕೆಯ ಕೊಯಿಲಿನ ಕಾಲ. ಹಸಿರು ಅಡಿಕೆಯನ್ನು ಸುಲಿದು ದೊಡ್ಡ ಹಂಡೆಗಳಲ್ಲಿ ಬೇಯಿಸಿದಾಗ ಏಳುವ ಆ ಒಗರು ವಾಸನೆ ಮನೆಯಿಂದ ಮನೆಗೆ ಹಬ್ಬಿ ರಸ್ತೆಗೆ ಅಡ್ಡಲಾಗಿ ನಿಂತಿತ್ತು. ಒಂದು ಮನೆಯ ಅಂಗಳದಲ್ಲಿ ಏಳೆಂಟು ಹೆಂಗಸರು ಮೆಟ್ಟುಗತ್ತಿಗಳ ಮುಂದೆ ಕುಳಿತು ಸುಲಿಯುತ್ತಿದ್ದರು. ನೀರು ಕೇಳಲು ಹೋದೆ. ಮನೆಯ ಹಿರಿಯಮ್ಮ ನನ್ನನ್ನೂ ಬೈಸಿಕಲ್ಲನ್ನೂ ನೋಡಿ, “ಶಿವಮೊಗ್ಗದಿಂದ ಇದ್ರಲ್ಲೇ ಬಂದ್ರಾ? ಬಸ್ಸು ಇರಲಿಲ್ವಾ?” ಎಂದು ಮರುಗಿದರು. ಬಸ್ಸಿತ್ತು ಎಂದೆ. ಇದ್ದ ಬಸ್ಸನ್ನು ಬಿಟ್ಟು ಬಂದವನಿಗೆ ಏನೋ ದೊಡ್ಡ ದುಃಖವಿರಬೇಕೆಂದು ಭಾವಿಸಿದರೋ ಏನೋ, ನೀರಿನ ಜೊತೆಗೆ ಬೆಲ್ಲವೂ ಬಂತು, ಕಾಫಿಯೂ ಬಂತು.

ಮಲೆನಾಡು ಎಲ್ಲಿಂದ ಆರಂಭವಾಗುತ್ತದಮ್ಮಾ ಎಂದು ಕೇಳಿದೆ. ಅವರು ಯೋಚಿಸಲೇ ಇಲ್ಲ. “ಕಂಬಳಿ ಕೊಪ್ಪೆ ಇಲ್ದೆ ಮಳೆಗಾಲ ಕಳಿಯಕ್ಕೆ ಆಗ್ದಿದ್ದ ಕಡೆಯಿಂದ” ಎಂದರು. ನಮ್ಮ ಪಠ್ಯಪುಸ್ತಕಗಳಲ್ಲಿ ಇದಕ್ಕಿಂತ ಒಳ್ಳೆಯ ವ್ಯಾಖ್ಯೆಯನ್ನು ನಾನು ಕಂಡಿಲ್ಲ.

ತೀರ್ಥಹಳ್ಳಿಗೆ ಬಂದಾಗ ಹತ್ತು ಗಂಟೆ. ತುಂಗೆಯ ಬಂಡೆಗಳ ಮೇಲೆ ಕುಳಿತು ಅವಲಕ್ಕಿಯ ಗಂಟನ್ನು ಬಿಚ್ಚಿದೆ. ಈ ತಾಲ್ಲೂಕಿನಲ್ಲಿ ಕುಳಿತ ಕನ್ನಡ ಓದುಗನಿಗೆ ಹೊಟ್ಟೆಯ ಯೋಚನೆ ಮುಗಿದ ಮೇಲೆ ಬರುವ ಯೋಚನೆ ಒಂದೇ. ಕುಪ್ಪಳಿ ಇಲ್ಲಿಗೆ ಹತ್ತಿರ. ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಹೊರಬಂದಂದಿನಿಂದ ಈ ಕಾಡುಗಳನ್ನು ನೋಡದವರೂ ಇಲ್ಲಿ ದಾರಿ ತಪ್ಪಿ ಅಲೆದಿದ್ದಾರೆ. ಅನಂತಮೂರ್ತಿಯವರು 1932ರಲ್ಲಿ ಹುಟ್ಟಿದ ಮೇಳಿಗೆಯೂ ಇದೇ ತಾಲ್ಲೂಕು. ಘಟ್ಟದ ಕೆಳಗೆ, ಉಡುಪಿಯಿಂದ ಉತ್ತರಕ್ಕೆ, ಕಾರಂತರು 1902ರಲ್ಲಿ ಹುಟ್ಟಿದ ಕೋಟ. ಸಾಹಿತ್ಯದ ತರಗತಿಗಳಲ್ಲಿಯೂ ನಾವು ಗೆರೆ ಎಳೆಯುವವರೇ: ಇವರು ಮಲೆನಾಡಿನ ಲೇಖಕರು, ಅವರು ಕರಾವಳಿಯ ಲೇಖಕರು. ಕುಪ್ಪಳಿಯಲ್ಲಿ ಬೆಳಗ್ಗೆ ಬೈಸಿಕಲ್ಲು ಹತ್ತಿದವನು ಸಂಜೆಗೆ ಕೋಟದ ಕಡಲಿನಲ್ಲಿ ಕಾಲು ತೊಳೆಯಬಹುದು ಎಂಬುದು ವಿಮರ್ಶೆಯ ಪುಸ್ತಕಗಳಲ್ಲಿ ಕಾಣುವುದಿಲ್ಲ. ಒಂದೇ ಮಳೆ ಮೊದಲು ಕಾರಂತರ ಊರಿನ ಗದ್ದೆಗಳ ಮೇಲೆ ಬಿದ್ದು, ಮುಂದೆ ಏರಿ, ಕುವೆಂಪು ಅವರ ಊರಿನ ಕಾಡುಗಳ ಮೇಲೆ ಬೀಳುತ್ತದೆ.

ಮಳೆಯ ಮಾತು ಬಂದದ್ದು ಸುಮ್ಮನೆ ಅಲ್ಲ. ತೀರ್ಥಹಳ್ಳಿಯಿಂದ ಆಗುಂಬೆಗೆ ಸುಮಾರು 30 ಕಿಲೋಮೀಟರು; ಆ ದಾರಿಯುದ್ದಕ್ಕೂ ನಾನು ಯೋಚಿಸಿದ್ದು ಅದನ್ನೇ. ಯೋಚಿಸಿದೆ ಎನ್ನುವುದಕ್ಕಿಂತ ಏದುಸಿರಿನ ನಡುವೆ ನೆನೆದೆ ಎನ್ನುವುದು ಸರಿ. ಇಲ್ಲಿ ದೊಡ್ಡ ಏರುಗಳಿಲ್ಲ, ಆದರೆ ಚಿಕ್ಕವು ಮುಗಿಯುವುದೇ ಇಲ್ಲ. ಪ್ರತಿಯೊಂದು ಇಳಿಜಾರೂ ಮುಂದಿನ ಏರಿಗೆ ಸಾಲ ಕೊಟ್ಟು, ಬಡ್ಡಿ ಸಹಿತ ವಸೂಲು ಮಾಡುತ್ತದೆ. ಬಸ್ಸಿನಲ್ಲಿ ನನಗೆ ಈ ರಸ್ತೆ ಸಮತಟ್ಟೆಂದೇ ತೋರಿತ್ತು. ಕಾಲಿನ ಸ್ನಾಯುಗಳಿಗೆ ಇರುವ ಭೂಗೋಳಜ್ಞಾನ ಕಣ್ಣಿಗೂ ಇಲ್ಲವೆಂದು ಅಂದು ತಿಳಿಯಿತು.

ಆಗುಂಬೆಗೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. 1946ರ ಆಗಸ್ಟ್ ಒಂದೇ ತಿಂಗಳಲ್ಲಿ ಇಲ್ಲಿ 4,500 ಮಿಲಿಮೀಟರಿಗೂ ಮೀರಿ ಸುರಿದದ್ದು ದಾಖಲೆಯಲ್ಲಿದೆ. ನಾನು ಬೆಳಗ್ಗೆ ಬಿಟ್ಟುಬಂದ ಶಿವಮೊಗ್ಗದ ಪಾಲು ಆಗುಂಬೆಯ ಐದನೆಯ ಒಂದಕ್ಕಿಂತಲೂ ಕಡಮೆ. ಇದನ್ನು ನಾನು ವರ್ಷವರ್ಷವೂ ಪಾಠ ಮಾಡಿದ್ದೇನೆ: ಅರಬ್ಬಿ ಸಮುದ್ರದಿಂದ ಬಂದ ತೇವದ ಗಾಳಿ ಘಟ್ಟದ ಗೋಡೆಗೆ ಮುಟ್ಟಿ ಮೇಲೇರುತ್ತದೆ, ಏರಿ ತಣ್ಣಗಾಗುತ್ತದೆ, ತಣ್ಣಗಾಗಿ ಸುರಿಯುತ್ತದೆ, ಗೋಡೆಯನ್ನು ದಾಟಿದ ಗಾಳಿಯಲ್ಲಿ ತೇವ ಕಡಮೆ, ಆದ್ದರಿಂದ ಮೈದಾನ ಒಣನೆಲ. ಮೂರು ವಾಕ್ಯಗಳ ಪಾಠ. ಆ ಮೂರು ವಾಕ್ಯಗಳ ಒಳಗೆ ನಾನು ಇಡೀ ಒಂದು ದಿನ ಬೆವರು ಸುರಿಸಿಕೊಂಡು ಸಾಗಿದ ಮೇಲೆ ಅವು ಬೇರೆಯಾಗಿ ಕೇಳಿಸಿದವು. ಬೆಳಗಿನ ಜಾವ ಮೂಗಿಗೆ ಬಂದ ಒಣಹುಲ್ಲಿನ ವಾಸನೆಗೂ ಈಗ ರಸ್ತೆಯ ಎರಡು ಬದಿಗೂ ನಿಂತ, ನಡುಹಗಲಲ್ಲಿಯೂ ಬಿಸಿಲನ್ನು ಕೆಳಗೆ ಬಿಡದ ಈ ಹಸುರಿಗೂ ಕಾರಣ ಒಂದೇ. ಮಲೆನಾಡು ಹಸುರಾಗಿರುವುದೂ ಮೈದಾನ ಒಣಗಿರುವುದೂ ಎರಡು ಸಂಗತಿಗಳಲ್ಲ. ಒಂದೇ ಲೆಕ್ಕದ ಜಮಾ ಮತ್ತು ಖರ್ಚು.

ಆಗುಂಬೆಯ ಪೇಟೆಯಲ್ಲಿ ಊಟ ಮುಗಿಸಿ ಘಟ್ಟದ ಅಂಚಿಗೆ ಬಂದಾಗ ಎರಡು ಗಂಟೆ. ಸಂಜೆ ಸೂರ್ಯಾಸ್ತ ನೋಡಲು ಜನ ಕಿಕ್ಕಿರಿಯುವ ಆ ಕಟ್ಟೆಯ ಮೇಲೆ ಮಧ್ಯಾಹ್ನ ನಾನೂ ನಾಲ್ಕು ಕೋತಿಗಳೂ ಮಾತ್ರ ಇದ್ದೆವು. ಕೆಳಗೆ ನೆಲ ತಟ್ಟನೆ ಕುಸಿದಿತ್ತು. ಕಾಡಿನ ಅಲೆಗಳು, ಅವುಗಳಾಚೆ ಬಿಳಿಯ ಮಂಜು, ಮಂಜಿನಾಚೆ ಕಡಲೆಂದು ನಂಬಬೇಕಾದ ಒಂದು ಹೊಳಪು.

ಇಲ್ಲಿ ನನ್ನ ಗೆರೆ ಸಿಕ್ಕಿತು ಎಂದುಕೊಂಡೆ. ಏಕೆಂದರೆ ನೀರಿಗೆ ಇದು ನಿಜವಾಗಿಯೂ ಗೆರೆ. ನನ್ನ ಬೆನ್ನಿನ ಹಿಂದೆ ಬಿದ್ದ ಹನಿ ಮಾಲತಿ ಹೊಳೆಗೆ ಇಳಿದು, ತುಂಗೆಯಾಗಿ ನಾನು ಬಂದ ದಾರಿಯಲ್ಲೇ ಶಿವಮೊಗ್ಗಕ್ಕೆ ಹೋಗಿ, ಕೂಡಲಿಯಲ್ಲಿ ಭದ್ರೆಯನ್ನು ಕೂಡಿ, ಕೃಷ್ಣೆಯೊಳಗೆ ಬೆರೆತು, ನಾಡಿನಾಚೆ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ನನ್ನ ಕಣ್ಣ ಮುಂದಿನ ಇಳಿಜಾರಿನಲ್ಲಿ ಬಿದ್ದ ಹನಿ ಸೀತಾನದಿಯಾಗಿ ಅರಬ್ಬಿ ಸಮುದ್ರವನ್ನು ಮುಟ್ಟುತ್ತದೆ. ಒಂದೇ ಮೋಡದ ಎರಡು ಹನಿಗಳು ದೇಶದ ಎರಡು ಬದಿಗಳಿಗೆ ಹೋಗುತ್ತವೆ. ಇದಕ್ಕಿಂತ ದಿಟವಾದ ಗೆರೆ ಇನ್ನೇನಿದ್ದೀತು?

ಆದರೆ ಆ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕುಳಿತ ಮೇಲೆ ಗೆರೆಯ ಅರ್ಥ ತಿರುಗಿತು. ಮೋಡ ಎಲ್ಲಿಂದ ಬಂತು? ಕಡಲಿನಿಂದ. ಬೆನ್ನ ಹಿಂದಿನ ಹನಿ ಎಲ್ಲಿಗೆ ಹೋಯಿತು? ಮಳೆಯಿಲ್ಲದ ಮೈದಾನದ ಗದ್ದೆಗೆ, ಗಾಜನೂರಿನ ನಾಲೆಗೆ, ಶಿವಮೊಗ್ಗದ ನನ್ನ ಮನೆಯ ನಲ್ಲಿಗೆ. ಘಟ್ಟ ಗಾಳಿಯಿಂದ ಕಿತ್ತುಕೊಂಡದ್ದನ್ನು ಹೊಳೆಯ ಮೂಲಕ ಹಿಂದಿರುಗಿಸುತ್ತಿದೆ. ಮೈದಾನದವನಾದ ನಾನು ಕುಡಿಯುವುದು ಕಡಲಿನ ನೀರನ್ನೇ. ಮಲೆನಾಡು ಅದನ್ನು ಸೋಸಿ ಕೊಡುತ್ತಿದೆ. ಹಾಗಿರುವಾಗ ಈ ಗೆರೆ ಎರಡು ಸೀಮೆಗಳನ್ನು ಬೇರ್ಪಡಿಸುವ ಬೇಲಿಯೆಂದು ನಾನು ಇಷ್ಟು ವರ್ಷ ಹೇಳಿದ್ದು ಅರ್ಧ ಸತ್ಯ. ಇದು ಹೊಲಿಗೆಯ ಗೆರೆ. ಈ ಕಾಡನ್ನು ಕಡಿದರೆ ನಷ್ಟ ಮಲೆನಾಡಿನದು ಎಂದು ಮೈದಾನದವರು ಸುಮ್ಮನಿರುವುದೂ, ಬರ ಬಂದರೆ ಅದು ಬಯಲಿನವರ ಪಾಡು ಎಂದು ಘಟ್ಟದವರು ಸುಮ್ಮನಿರುವುದೂ, ನಾವು ಮಕ್ಕಳಿಗೆ ಗೆರೆಯನ್ನು ಬೇಲಿಯೆಂದು ಕಲಿಸಿದ್ದರ ಫಲವಿರಬಹುದೆ ಎಂಬ ಅಳುಕು ಮೂಡಿತು.

ಆಗುಂಬೆಯ ಘಾಟಿಯಲ್ಲಿ 14 ಕಡಿದಾದ ತಿರುವುಗಳಿವೆ. ಮೇಲಿನ ಹಳ್ಳಿ ಕಡಲಮಟ್ಟದಿಂದ 600 ಮೀಟರಿಗೂ ಎತ್ತರ. ಕೆಲವೇ ಕಿಲೋಮೀಟರಿನಲ್ಲಿ ರಸ್ತೆ ಅದರಲ್ಲಿ ಬಹುಪಾಲನ್ನು ಕಳೆದುಕೊಳ್ಳುತ್ತದೆ. ಬೆಳಗಿನಿಂದ ಕಷ್ಟಪಟ್ಟು ತುಳಿದವನಿಗೆ ಇಳಿಜಾರು ಬಹುಮಾನವೆಂದು ಓದುಗರು ಭಾವಿಸಬಹುದು. ಕಡ್ಡಿ ಬ್ರೇಕಿನ ಬೈಸಿಕಲ್ಲಿನವನಿಗೆ ಅದು ದಂಡನೆ. ಎರಡನೆಯ ತಿರುವಿನಲ್ಲಿಯೇ ಬ್ರೇಕು ಹಿಡಿದರೂ ಚಕ್ರ ತನ್ನ ಪಾಡಿಗೆ ಹೋಗತೊಡಗಿತು. ರಬ್ಬರು ಸುಟ್ಟ ವಾಸನೆ ಬಂತು. ಇಳಿದೆ. ಉಳಿದ ತಿರುವುಗಳಲ್ಲಿ ಹೆಚ್ಚಿನವನ್ನು ಬೈಸಿಕಲ್ಲಿನ ಪಕ್ಕದಲ್ಲಿ, ಹಟಮಾರಿ ಕರುವನ್ನು ಹಿಡಿದವನಂತೆ, ನಡೆದೇ ಇಳಿದೆ. ಹಾಗೆ ನಡೆದದ್ದರಿಂದ ಲಾಭವಾಯಿತು. ತಿರುವಿನಿಂದ ತಿರುವಿಗೆ ಗಾಳಿ ಬೆಚ್ಚಗಾಗುವುದು ಗೊತ್ತಾಯಿತು. ಆಗುಂಬೆಯಲ್ಲಿ ಹೊದ್ದ ಪಂಚೆಯನ್ನು ಆರನೆಯ ತಿರುವಿನಲ್ಲಿ ತೆಗೆದೆ, ಹತ್ತನೆಯದರಲ್ಲಿ ಅಂಗಿಯ ಗುಂಡಿ ಬಿಚ್ಚಿದೆ. ಬಾಟಲಿಯ ನೀರು ಮಾತ್ರ ಆಗುಂಬೆಯ ತಂಪಿನಲ್ಲೇ ಉಳಿದಿತ್ತು.

ಕೆಳಗೆ ಸೋಮೇಶ್ವರ. ಕಾಡು ಇಲ್ಲಿಯೂ ಮುಗಿಯಲಿಲ್ಲ. 1974ರಲ್ಲಿ ವನ್ಯಧಾಮವೆಂದು ಘೋಷಿತವಾದ ಅರಣ್ಯ ರಸ್ತೆಯ ಜೊತೆಯಲ್ಲೇ ಬಹುದೂರ ಬಂತು. ಹೆಬ್ರಿ ಹತ್ತಿರವಾದ ಮೇಲೆ ಮನೆಗಳು ಕಾಣತೊಡಗಿದವು. ಅಂಗಳಗಳಲ್ಲಿ ಅಡಿಕೆಯಿತ್ತು, ಆದರೆ ಚೊಗರಿನ ವಾಸನೆಯಿರಲಿಲ್ಲ. ಇಲ್ಲಿಯವರು ಹಣ್ಣಡಿಕೆಯನ್ನು ಸಿಪ್ಪೆ ಸಹಿತ ಬಿಸಿಲಿಗೆ ಹರಡಿ, ಒಣಗಿದ ಮೇಲೆ ಸುಲಿದು ಚಾಲಿ ಮಾಡುತ್ತಾರೆ. ಮೇಲೆ ಬೇಯಿಸಿದ ಕೆಂಪಡಿಕೆ, ಕೆಳಗೆ ಒಣಗಿಸಿದ ಬಿಳಿಯಡಿಕೆ; ಮರ ಒಂದೇ. ಬೆಳಗ್ಗೆ ಒಕ್ಕಣೆಗೆ ಕಾದು ಕುಳಿತ ಬತ್ತದ ಬಣವೆಗಳನ್ನು ಕಂಡಿದ್ದೆ. ಇಲ್ಲಿ ಮೊದಲ ಬೆಳೆಯನ್ನು ಎಂದೋ ಕೊಯ್ದು, ಸುಗ್ಗಿಯ ಬೆಳೆಗೆ ಗದ್ದೆ ಹಸನು ಮಾಡಿ ನೇಜಿ ನೆಟ್ಟಿದ್ದರು. ಕೊಯಿಲನ್ನೂ ನಾಟಿಯನ್ನೂ ಒಂದೇ ಹಗಲಿನಲ್ಲಿ ಕಂಡೆ. ಮನೆಗಳ ಗೋಡೆಗಳಲ್ಲಿ ಕೆಂಪು ಕಲ್ಲು. ತೀರ್ಥಹಳ್ಳಿಯ ಕಡೆ ಅದನ್ನೇ ಜಂಬಿಟ್ಟಿಗೆ ಎನ್ನುತ್ತಾರೆ, ಇಲ್ಲಿ ಮುರಕಲ್ಲು. ಕಲ್ಲಿಗೆ ಈ ವ್ಯತ್ಯಾಸ ತಿಳಿಯದು.

ಹೆಬ್ರಿಯ ಒಂದು ಚಿಕ್ಕ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಕುಳಿತೆ. ಒಂದು ಮೇಜಿನಲ್ಲಿ ತುಳು, ಇನ್ನೊಂದರಲ್ಲಿ ಕುಂದಾಪುರದ ಕನ್ನಡ. ಹೋಟೆಲಿನ ಯಜಮಾನರು ಎರಡರಲ್ಲಿಯೂ ಲೆಕ್ಕ ಹೇಳಿ ಚಿಲ್ಲರೆ ಕೊಡುತ್ತಿದ್ದರು. ನನ್ನ ಕಡೆ ತಿರುಗಿ, “ಎಂತ ಮಾರಾಯ್ರೆ, ಘಾಟಿಯಲ್ಲಿ ಸೈಕಲಲ್ಲಿ ಬಂದದ್ದಾ? ಒಬ್ರೇ?” ಎಂದು ಮೂರನೆಯ ಭಾಷೆಯಲ್ಲಿ ಕೇಳಿದರು. ಆ ಮೂರನೆಯದು ನನಗಾಗಿ, ಹೊರಗಿನವನಿಗಾಗಿ, ಮಾಡಿಕೊಂಡ ಕನ್ನಡ. ಬೆಳಗಿನ ಹಿರಿಯಮ್ಮನಿಂದ ಈ ಯಜಮಾನರವರೆಗೆ ಮಾತು ಎಲ್ಲಿ ಬದಲಾಯಿತು? ಅದನ್ನೂ ಹೇಳಲಾರೆ. ಗಡಿಯ ಜನಕ್ಕೆ ಗಡಿಯೆಂದರೆ ಎರಡು ಮಾತು ಬಲ್ಲ ಜಾಗ, ಅಷ್ಟೆ.

ಇಲ್ಲಿಯವರೆಗೆ ದಾರಿಯನ್ನು ಹೊಗಳಿದ್ದಾಯಿತು. ಇನ್ನೊಂದು ಗೆರೆಯ ಸಂಗತಿಯನ್ನು ಹೇಳಬೇಕು. ನಾನು ಹುಡುಕದಿದ್ದರೂ ಅದು ಬೆಳಗಿನಿಂದ ನನ್ನ ಎಡಗಡೆಯಲ್ಲೇ ಇತ್ತು. ಅದು ಡಾಂಬರು ಮುಗಿದು ಮಣ್ಣು ಆರಂಭವಾಗುವ ಗೆರೆ.

ಹೆಬ್ರಿಯಿಂದ ಮುಂದೆ ವಾಹನಗಳು ಹೆಚ್ಚಾದವು. ಒಂದು ತಿರುವಿನಲ್ಲಿ ಹಿಂದಿನಿಂದ ಬಂದ ದೊಡ್ಡ ಕಾರೊಂದು, ಎದುರಿನಿಂದ ಇನ್ನೊಂದು ಬರುತ್ತಿದ್ದರೂ ನಿಧಾನಿಸದೆ, ಹಾರ್ನಿನಿಂದಲೇ ನನ್ನನ್ನು ತಳ್ಳಿತು. ಡಾಂಬರಿನ ಅಂಚಿನಿಂದ ಮಣ್ಣಿಗೆ ಒಂದು ಗೇಣಿನ ಇಳುಕಲು. ಚಕ್ರ ಜಾರಿತು, ನಾನು ಮುಗ್ಗರಿಸಿ ಬಿದ್ದೆ. ಮಂಡಿ ಕೆತ್ತಿಹೋಯಿತು, ಪೆಡಲು ಬಾಗಿತು. ಕಾರು ನಿಲ್ಲಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಹುಡುಗರು ಓಡಿ ಬಂದು, ಕಲ್ಲಿನಿಂದ ಬಡಿದು ಪೆಡಲನ್ನು ನೇರ ಮಾಡಿ, ಗಾಯ ತೊಳೆಯಲು ನೀರು ಕೊಟ್ಟರು.

ಪೆಟ್ಟು ದೊಡ್ಡದಲ್ಲ. ಆದರೆ ಮಣ್ಣಿನಲ್ಲಿ ಕುಳಿತಿದ್ದಾಗ ನೆನಪಾದದ್ದು ಆ ಹುಡುಗಿ. ದಿನವೂ 16 ಕಿಲೋಮೀಟರು, ಲಾರಿ ಬಸ್ಸುಗಳ ನಡುವೆ, ಇದೇ ಗೆರೆಯ ಮೇಲೆ ಅವಳು ಓಡಾಡುತ್ತಾಳೆ. ಅವಳ ಬೈಸಿಕಲ್ಲು ಅವಳದಲ್ಲ, ಅಕ್ಕನದು. 2006-07ರಲ್ಲಿ ರಾಜ್ಯ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲು ಕೊಡುವ ಯೋಜನೆಯನ್ನು ಆರಂಭಿಸಿತು; ಕೋವಿಡ್ ಕಾಲದಲ್ಲಿ ಅದು ನಿಂತಿತು. ಅಕ್ಕನಿಗೆ ಸಿಕ್ಕಿತ್ತು, ತಂಗಿಗೆ ಸಿಗಲಿಲ್ಲ. ಹಳ್ಳಿಯ ಹೆಣ್ಣುಮಕ್ಕಳು ಏಳನೆಯ ತರಗತಿಗೆ ಶಾಲೆ ಬಿಡುವ ಕಾಲವನ್ನು ಕಂಡ ನನ್ನಂಥ ಉಪಾಧ್ಯಾಯರಿಗೆ ಆ ಬೈಸಿಕಲ್ಲುಗಳು ಏನು ಮಾಡಿದವೆಂದು ಗೊತ್ತು. ಶಾಲೆಯ ಅಂಗಳದಲ್ಲಿ ಅವು ಸಾಲಾಗಿ ನಿಂತದ್ದನ್ನು ನೋಡಿದಾಗ, ಒಂದು ಊರು ತನ್ನ ಹೆಣ್ಣುಮಕ್ಕಳನ್ನು ನಂಬಿ ದೂರ ಕಳಿಸಿದೆಯೆಂದು ಮನಸ್ಸು ತುಂಬುತ್ತಿತ್ತು.

ನಮ್ಮ ರಸ್ತೆಗಳು ಅಗಲವಾಗುತ್ತಿವೆ. ಅದಕ್ಕೆ ನನ್ನ ವಿರೋಧವಿಲ್ಲ. ಮಲೆನಾಡಿನಿಂದ ಮಣಿಪಾಲದ ಕಡೆಗೆ ರಾತ್ರೋರಾತ್ರಿ ಓಡುವ ಆಂಬುಲೆನ್ಸಿನಲ್ಲಿ ನಾನೂ ಒಮ್ಮೆ ಕುಳಿತು ರಸ್ತೆಯನ್ನು ಹರಸಿದ್ದೇನೆ. ನಾನು ಕೇಳುವುದು ಇಷ್ಟೆ: ಅಗಲವಾದ ರಸ್ತೆಯಲ್ಲಿ ಸ್ವಂತ ಕಾಲಿನ ಬಲದಿಂದ ಹೋಗುವವನಿಗೆ ಒಂದು ಗಜ ಜಾಗವನ್ನು ಏಕೆ ಬಿಡಬಾರದು? ಡಾಂಬರಿಗೂ ಮಣ್ಣಿಗೂ ನಡುವಿನ ಆ ಗೇಣಿನ ಇಳುಕಲನ್ನು ಮಣ್ಣು ತುಂಬಿ ಏಕೆ ಸಮ ಮಾಡಬಾರದು? ಇದಕ್ಕೆ ದೊಡ್ಡ ಯೋಜನೆಗಳು ಬೇಕಾಗಿಲ್ಲ. ರಸ್ತೆಯ ನಕ್ಷೆ ಬರೆಯುವವರು ಒಂದು ದಿನ ಆ ರಸ್ತೆಯಲ್ಲಿ ಬೈಸಿಕಲ್ಲು ತುಳಿದರೆ ಸಾಕು. ನಕ್ಷೆ ಬರೆಯುವವರ ತಪ್ಪು ಎಂಥದೆಂದು ನನಗಿಂತ ಚೆನ್ನಾಗಿ ಬಲ್ಲವರಾರು?

ಇನ್ನು ನನ್ನ ವೃತ್ತಿಬಾಂಧವರಿಗೆ ಒಂದು ಮಾತು. ಪ್ರವಾಸವೆಂದರೆ ಮಕ್ಕಳನ್ನು ಬಸ್ಸಿಗೆ ತುಂಬಿ ಮೂರು ದಿನದಲ್ಲಿ ಹನ್ನೆರಡು ಊರು ತೋರಿಸುವುದು ಎಂಬ ಪದ್ಧತಿ ನಮ್ಮಲ್ಲಿ ಬೆಳೆದಿದೆ. ಅದರಲ್ಲಿ ಹಾಡು, ಕುಣಿತ, ವಾಂತಿ, ಫೋಟೋ ಇವುಗಳಿಗೆ ಅವಕಾಶವಿದೆ, ನೋಡುವುದಕ್ಕೆ ಇಲ್ಲ. ಅದರ ಬದಲು ಶಾಲೆಯಿಂದ ಹತ್ತು ಕಿಲೋಮೀಟರು ಒಳದಾರಿಯಲ್ಲಿ ಮಕ್ಕಳೊಡನೆ ನಡೆದೋ ಬೈಸಿಕಲ್ಲಿನಲ್ಲೋ ಹೋಗಿ, ಮಣ್ಣಿನ ಬಣ್ಣ ಎಲ್ಲಿ ಬದಲಾಯಿತು, ಹೊಳೆ ಯಾವ ಕಡೆ ಹರಿಯಿತು, ಒಂದೇ ವಸ್ತುವಿಗೆ ಮುಂದಿನ ಊರಿನವರು ಯಾವ ಹೆಸರಿಟ್ಟರು ಎಂದು ಬರೆದುಕೊಂಡು ಬರಲಿ. ಕಷ್ಟವಿದೆ, ಅಪಾಯವಿದೆ, ಅನುಮತಿಯ ಕಾಗದಗಳಿವೆ, ಬಲ್ಲೆ. ಆದರೂ ದೇಹದಿಂದ ಕಲಿತದ್ದನ್ನು ಪರೀಕ್ಷೆ ಮುಗಿದ ಮರುದಿನ ಯಾರೂ ಮರೆಯುವುದಿಲ್ಲ.

ಮಲ್ಪೆಯನ್ನು ಮುಟ್ಟಿದಾಗ ಆರೂವರೆ ದಾಟಿತ್ತು. ಸೂರ್ಯ ನನಗಾಗಿ ಕಾಯದೆ ಹೋಗಿದ್ದ. ಪಡುವಣದಲ್ಲಿ ಒಂದಿಷ್ಟು ಕೆಂಪು, ದಕ್ಕೆಯ ಕಡೆ ದೋಣಿಗಳ ದೀಪ, ಒಣಮೀನಿನ ವಾಸನೆ. ಬೈಸಿಕಲ್ಲನ್ನು ಮರಳಿನಲ್ಲಿ ಮಲಗಿಸಿ, ಗಾಯದ ಮಂಡಿಯವರೆಗೆ ನೀರಿಗೆ ಇಳಿದೆ. ಉಪ್ಪು ಚುರುಗುಟ್ಟಿತು. ಬೆಳಗಿನ ಜಾವ ತುಂಗೆಯ ಮಗ್ಗುಲಲ್ಲಿ ಹೊರಟಿದ್ದೆ; ಆ ನೀರು ಆಚೆಯ ಕಡಲಿಗೆ ಹೊರಟಿತ್ತು, ನಾನು ಈಚೆಯ ಕಡಲಿಗೆ ಬಂದಿದ್ದೆ. ಆದರೆ ಅದು ಹುಟ್ಟಿದ್ದು ಇಲ್ಲಿಂದಲೇ ಎದ್ದ ಮೋಡದಲ್ಲಿ. ಅಂದು ನಾನು ಹೊಳೆಗೆ ಎದುರಾಗಿ ಅದರ ತವರಿಗೆ ಬಂದಂತಾಯಿತು.

ಮರುದಿನ ಬಸ್ಸಿನಲ್ಲಿ ಹಿಂದಿರುಗಿದೆ. ಎಚ್ಚರವಾಗಿರಬೇಕೆಂದು ನಿಶ್ಚಯಿಸಿದ್ದೆ, ಹೆಬ್ರಿ ದಾಟುವ ಮೊದಲೇ ನಿದ್ರೆ ಬಂತು. ಕಣ್ಣು ಬಿಟ್ಟಾಗ ತೀರ್ಥಹಳ್ಳಿ.

ಸೋಮವಾರ ತರಗತಿಯಲ್ಲಿ ಮತ್ತೆ ನಕ್ಷೆ ಬರೆದೆ. ಗೆರೆಯ ಬದಲು ಸೀಮೆಸುಣ್ಣವನ್ನು ಅಡ್ಡಲಾಗಿ ಮಲಗಿಸಿ ಉಜ್ಜಿದೆ. ಒಂದು ಸೀಮೆ ಇನ್ನೊಂದರೊಳಗೆ ಮಸುಕಾಗಿ ಬೆರೆಯಿತು. ಮೋಡದ ಸಂಗತಿ, ಎರಡು ಹನಿಗಳ ಸಂಗತಿ, ಅಡಿಕೆಯ ಸಂಗತಿ ಎಲ್ಲವನ್ನೂ ಹೇಳಿದೆ. ನಿನ್ನ ಊರು ಎರಡೂ ಕಡೆಯದು ಎಂದು ಆ ಹುಡುಗಿಗೆ ಹೇಳಿದೆ. ಅವಳು ಗಮನವಿಟ್ಟು ಕೇಳಿ, ಕೊನೆಯಲ್ಲಿ ಎದ್ದು ನಿಂತಳು.

“ಹಾಗಾದರೆ ಪರೀಕ್ಷೆಯಲ್ಲಿ ಏನು ಬರೆಯಲಿ ಸಾರ್?”

ಈ ಸಲ ಗಂಟೆ ನನ್ನ ಸಹಾಯಕ್ಕೆ ಬರಲಿಲ್ಲ. “ಪರೀಕ್ಷೆಯಲ್ಲಿ ಗೆರೆಯನ್ನು ಎಳೆಯಮ್ಮ,” ಎಂದೆ. “ಆದರೆ ಪೆನ್ಸಿಲಿನಿಂದ ಎಳೆ.”

ಸಂಜೆ ಶಾಲೆ ಬಿಟ್ಟಾಗ ಗೇಟಿನ ಬಳಿ ನಿಂತಿದ್ದೆ. ಅವಳು ಅಕ್ಕನ ಬೈಸಿಕಲ್ಲು ಹತ್ತಿ ತೀರ್ಥಹಳ್ಳಿಯ ರಸ್ತೆಗೆ ತಿರುಗಿದಳು. ಹಿಂದಿನಿಂದ ಲಾರಿಯೊಂದು ಹಾರ್ನು ಹೊಡೆಯಿತು. ಅವಳು ತಿರುಗಿಯೂ ನೋಡದೆ, ಅಭ್ಯಾಸದಿಂದ, ಡಾಂಬರಿನಿಂದ ಮಣ್ಣಿಗೆ ಇಳಿದಳು. ಲಾರಿ ಹೋದ ಮೇಲೆ ಧೂಳಿನಿಂದ ಮತ್ತೆ ರಸ್ತೆಗೆ ಹತ್ತಿದಳು.